ಪಕೀರಪ್ಪನ ಎಡಗಾಲು

ಪಕೀರಪ್ಪನನ್ನು ನಾನು ಮೊದಲ ಸಲ ನೋಡಿದಾಗ ಅವನು ಸರ್ಕಾರಿ ಜೀಪಿನ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬೆಂಕಿಕಡ್ಡಿಯ ತುದಿ ಒತ್ತಿ ಟೈರಿನ ಗಾಳಿ ಬಿಡುತ್ತಿದ್ದ. 1987ರ ಮಳೆಗಾಲ. ಸಿಂಧನೂರಿನ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಸೇರಿ ನನಗೆ ಹನ್ನೊಂದು ದಿನ ಆಗಿತ್ತು. ನಾನು ಹೆಗಲು ಕೊಡದಿದ್ದರೆ ಸರ್ಕಾರ ಬಿದ್ದೇ ಹೋಗುತ್ತದೆಂದು ನಂಬಿದ್ದ ವಯಸ್ಸು. ಆ ದಿನ ಸಾಹೇಬರು ತುರ್ವಿಹಾಳದ ಕಡೆ ಬೆಳೆ ನೋಡಲು ಹೊರಡಬೇಕಿತ್ತು. ಮೋಡ ಬೇರೆ ಕವಿದಿತ್ತು. ಡ್ರೈವರನಿಗೆ ಹೋಗಲು ಮನಸ್ಸಿಲ್ಲ, ಪಂಕ್ಚರಿನ ನೆವ ಹುಡುಕುತ್ತಿದ್ದಾನೆ ಎಂದು ತೀರ್ಮಾನಿಸಿದೆ. ತೀರ್ಮಾನಿಸಿ ಸುಮ್ಮನಿದ್ದರೆ ನಾನು ಗುಮಾಸ್ತ ಹೇಗಾದೇನು? ದಿನಾಂಕ, ವೇಳೆ ಹಾಕಿ, ಎಡಗಡೆಯ ಟೈರು, ಬಲಗಡೆಯ ಟೈರು ಎಂದು ಬೇರೆ ಬೇರೆ ನಮೂದಿಸಿ ಒಂದೂವರೆ ಪುಟದ ವರದಿ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ.

ಸಾಹೇಬರು ಅದನ್ನು ಓದಿ, ಪಕೀರಪ್ಪನನ್ನು ಕರೆಸಿ, ಕಾಗದವನ್ನು ಅವನ ಕೈಗೇ ಕೊಟ್ಟುಬಿಟ್ಟರು. ಅವನು ನಿಂತಲ್ಲೇ ಒಂದೊಂದೇ ಅಕ್ಷರ ಕೂಡಿಸಿ ಕೊನೆಯವರೆಗೆ ಓದಿದ. ಮಡಚಿ ನನಗೆ ವಾಪಸು ಕೊಟ್ಟ.

"ಅಕ್ಷರ ಚಲೋ ಅದಾವ್ರಿ" ಅಂದು ಹೊರಗೆ ಹೋಗಿ ಜೀಪು ಹತ್ತಿದ.

ಅಂದು ಸಂಜೆ ಜೀಪು ಮೈತುಂಬ ಕೆಸರು ಬಳಿದುಕೊಂಡು ತಾನೇ ನಡೆದು ಬಂತು. ಅದೇ ದಾರಿಯಲ್ಲಿ ಹೋದ ಇನ್ನೊಂದು ಕಚೇರಿಯ ಜೀಪನ್ನು ಮರುದಿನ ಎತ್ತುಗಳು ಎಳೆದು ತಂದವು. ಎರೆ ಹೊಲದ ಕರಿಮಣ್ಣಿನಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ ಮಣ್ಣು ಒಂದು ಮಳೆಗೆ ಬೆಣ್ಣೆಯಾಗುತ್ತದೆ. ಗಟ್ಟಿಯಾಗಿ ಗಾಳಿ ತುಂಬಿದ ಟೈರು ಅದರ ಮೇಲೆ ಬೆರಳಗಲ ಜಾಗದಲ್ಲಿ ನಿಂತು ಗಿರ್ರನೆ ತಿರುಗುತ್ತದೆ. ಮುಂದೆ ಹೋಗುವ ಬದಲು ಕೆಳಗೆ ಹೋಗುತ್ತದೆ. ಗಾಳಿ ಅರ್ಧಕ್ಕೆ ಇಳಿಸಿದರೆ ಅಂಗೈ ಊರಿದ ಹಾಗೆ ಅಗಲವಾಗಿ ಕೂತು ನೆಲ ಹಿಡಿಯುತ್ತದೆ. ಇಷ್ಟನ್ನೂ ನನಗೆ ಹೇಳಿದ್ದು ಪಕೀರಪ್ಪನಲ್ಲ, ಮಸ್ಕಿಯಲ್ಲಿ ಟೈರು ತಿದ್ದುವ ಮಸ್ತಾನಸಾಬ. ಅವನಿಗೆ ಪಕೀರಪ್ಪನ ಮೇಲೆ ಒಂದು ಹಳೆಯ ಸಿಟ್ಟಿತ್ತು. ಬೇರೆ ಡ್ರೈವರುಗಳು ವರ್ಷಕ್ಕೊಮ್ಮೆ ಸವೆಸುವ ಟೈರನ್ನು ಇವನು ಮೂರು ವರ್ಷ ಓಡಿಸುತ್ತಿದ್ದ.

"ನಿನ್ನಂಥವರು ನಾಕ ಮಂದಿ ಹುಟ್ಟಿದ್ರ ನನ್ನ ದುಕಾನ್ ಬಂದ್ ಆಗಿ ಹೋಗ್ತಿತ್ತಲೇ" ಎಂದು ಅವನು ಎದುರಿಗೇ ಬೈಯುತ್ತಿದ್ದ. ಪಕೀರಪ್ಪ ಚಹಾ ಕುಡಿದು ಎದ್ದು ಬರುತ್ತಿದ್ದ.

ಪಕೀರಪ್ಪ ಸಂತೆಕಲ್ಲೂರಿನವನು. ಜೋಳ, ತೊಗರಿ ಬೆಳೆಯುವ ಮನೆತನ. ಹದಿನಾರಕ್ಕೆ ಲಿಂಗಸುಗೂರಿನ ಒಂದು ಲಾರಿಯಲ್ಲಿ ಕ್ಲೀನರನಾಗಿ ಸೇರಿದ. ಆ ಲಾರಿಯ ಡ್ರೈವರು ದಸ್ತಗೀರ್‌ಸಾಬ್ ಅವನ ಗುರು. ಮಸ್ಕಿ ಗುಡ್ಡದ ಬದಿಯ ಏರಿನಲ್ಲಿ ಲಾರಿ ನಿಲ್ಲಿಸಿ, ಬ್ರೇಕು ಮುಟ್ಟಬಾರದೆಂದು ಹೇಳಿ, ಇವನನ್ನು ಕೂರಿಸಿ ತಾನು ಕೆಳಗಿಳಿದು ಬೀಡಿ ಹಚ್ಚುತ್ತಿದ್ದನಂತೆ. ಬೀಡಿ ಮುಗಿಯುವವರೆಗೆ ಲಾರಿ ಒಂದು ಗೇಣು ಹಿಂದೆ ಜಾರಬಾರದು, ಒಂದು ಗೇಣು ಮುಂದೆ ಹೋಗಬಾರದು. ಬರೀ ಕ್ಲಚ್ಚಿನ ಮೇಲೆ ಉಸಿರು ಹಿಡಿದು ನಿಲ್ಲಬೇಕು. ಈ ವಿದ್ಯಾಭ್ಯಾಸದಲ್ಲಿ ಎರಡು ಕ್ಲಚ್ ಪ್ಲೇಟು ಸುಟ್ಟವು. ಅವು ಯಾಕೆ ಸುಟ್ಟವೆಂದು ತಿಳಿಯದೆಯೇ ಲಾರಿಯ ಮಾಲೀಕ ತೀರಿಕೊಂಡ.

ಹೀಗೆ ಕಲಿತ ಕಾಲಿಗೆ ಪಕೀರಪ್ಪ ಎಂದೂ ಚಪ್ಪಲಿ ಹಾಕಿ ಗಾಡಿ ನಡೆಸಲಿಲ್ಲ. ಚಪ್ಪಲಿ ಸೀಟಿನ ಕೆಳಗೆ, ಬರಿಗಾಲು ಕ್ಲಚ್ಚಿನ ಮೇಲೆ. ನಿಂತ ಗಾಡಿ ಹೊರಡುವಾಗ ಯಾರೂ ಮಾತಾಡುವಂತಿರಲಿಲ್ಲ. ಜೀಪು ಹಳೆಯದು, ಹಿಂದಿನ ಎರಡು ಚಕ್ರಗಳಿಗಷ್ಟೇ ಎಂಜಿನ್ನಿನ ಬಲ. ಮುಂದಿನವು ದಾರಿ ತೋರಿಸುತ್ತಿದ್ದವು, ಹಿಂದಿನವು ಕೆಲಸ ಮಾಡುತ್ತಿದ್ದವು. ನಮ್ಮ ಕಚೇರಿಯ ವ್ಯವಸ್ಥೆಯೂ ಬಹುಮಟ್ಟಿಗೆ ಅದೇ.

ಈಗ ಹೇಳಬೇಕಾದ್ದು 1991ರ ಶ್ರಾವಣದ ಒಂದು ಮಧ್ಯಾಹ್ನ.

ಸಾಹೇಬರು, ನಾನು, ಪಕೀರಪ್ಪ ಬಳಗಾನೂರಿನ ಆಚೆ ಉಪಕಾಲುವೆಯ ಕೆಳಗಿನ ಗದ್ದೆಗಳಿಗೆ ಹೋಗಿದ್ದೆವು. ಜೀಪನ್ನು ಮೇಲೆ ಮೊರಂ ಹಾಸಿದ ಗಟ್ಟಿ ದಾರಿಯಲ್ಲೇ ಬಿಡೋಣ ಎಂದು ಪಕೀರಪ್ಪ ಹೇಳಿದ್ದ. ಸಾಹೇಬರ ಬೂಟು ಹೊಸದು, ಕೆಳಗಿಳಿಸು ಅಂದರು. ಇಳಿಸಿದ. ನಾವು ರಿಜಿಸ್ಟರು ಬಿಚ್ಚುವಷ್ಟರಲ್ಲಿ ಮಳೆ ಬಂತು. ಅರ್ಧ ಗಂಟೆ ಹೊಡೆದು ನಿಂತಿತು. ಜೀಪಿಗೂ ಮೇಲಿನ ದಾರಿಗೂ ನಡುವೆ ಮೂವತ್ತು ಹೆಜ್ಜೆಯ ಎರೆ, ಅದೂ ಏರು. ಸಂಜೆಗೆ ಟ್ರ್ಯಾಕ್ಟರ್ ತರಿಸಿದರಾಯಿತು ಎಂದು ಸಾಹೇಬರು ಕಾಲುವೆಯ ತೂಬಿನ ಮೇಲೆ ರುಮಾಲು ಹಾಸಿ ಕೂತರು.

ಆಗ ಗದ್ದೆಯ ಕಡೆಯಿಂದ ಕೂಗು ಕೇಳಿತು. ನಾಟಿ ಹಚ್ಚಲು ಬಂದಿದ್ದ ಕೂಲಿ ಹೆಣ್ಣುಮಕ್ಕಳಲ್ಲಿ ಹೊನ್ನೂರಮ್ಮ ಎಂಬುವಳಿಗೆ ಹಾವು ಕಡಿದಿತ್ತು. ಸಸಿಯ ಕಟ್ಟು ಎತ್ತುವಾಗ ಬದುವಿನ ಮೇಲಿದ್ದ ಹಾವನ್ನು ತುಳಿದಿದ್ದಳು. ನಾಗರ ಎಂದು ನೋಡಿದವರು ಹೇಳಿದರು. ಅವಳ ಗಂಡ ಗಿಡ್ಡಪ್ಪ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ನೇರ ಜೀಪಿನ ಹತ್ತಿರ ಬಂದ. ಅವಳಿಗೆ ಎಚ್ಚರವಿತ್ತು. ಆದರೆ ರೆಪ್ಪೆಗಳು ತಾವಾಗಿಯೇ ಇಳಿಯುತ್ತಿದ್ದವು.

"ಕಣ್ಣು ಮುಚ್ಚಾಕತ್ತಾವ... ಎಬ್ಬಸ್ರಿ ನನ್ನ" ಎಂದು ಅವಳು ಯಾರಿಗೋ ಹೇಳುತ್ತಿದ್ದಳು.

ಔಷಧಿ ಇದ್ದದ್ದು ಸಿಂಧನೂರಿನ ಆಸ್ಪತ್ರೆಯಲ್ಲಿ. ಆ ಹೊತ್ತಿಗೆ ಅಲ್ಲಿ ಬೇರೆ ಬಂಡಿಯಿಲ್ಲ. ಟ್ರ್ಯಾಕ್ಟರ್ ತರಲು ಬಳಗಾನೂರಿಗೆ ನಡೆದು ಹೋಗಿ ಬರಲು ಎರಡು ತಾಸು ಬೇಕು. ಅವಳ ಹತ್ತಿರ ಎರಡು ತಾಸು ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಗಿಡ್ಡಪ್ಪ ಕೇಳಿದ್ದು ಒಂದೇ ಮಾತು: "ಏಳತೈತೇನಣ್ಣ ಗಾಡಿ?"

"ಒಂದ ಸಲಕ್ಕ ಏಳಬೇಕು" ಅಂದ ಪಕೀರಪ್ಪ. "ಚಕ್ರ ಒಮ್ಮಿ ಕುಣಿ ತೋಡಿತಂದ್ರ ಎರಡನೇ ಸಲ ಇಲ್ಲ."

ಅವನು ಗಡಿಬಿಡಿ ಮಾಡಲಿಲ್ಲ. ಆ ಗಡಿಬಿಡಿಯಿಲ್ಲದಿರುವುದನ್ನು ನೋಡಿ ನನಗೆ ಸಿಟ್ಟೇ ಬಂತು. ಮೊದಲು ಬರಿಗಾಲಲ್ಲಿ ಆ ಮೂವತ್ತು ಹೆಜ್ಜೆ ನಡೆದು ಬಂದ, ಹಿಮ್ಮಡಿ ಒತ್ತಿ ಒತ್ತಿ ನೋಡುತ್ತ. ನೇರ ದಾರಿ ಬಿಟ್ಟು, ಕರಿಕೆ ಹುಲ್ಲು ಬೇರುಬಿಟ್ಟ ಒಂದು ಓರೆ ಪಟ್ಟಿಯನ್ನು ಆರಿಸಿದ. ಬಂದವನೇ ಒಬ್ಬಳ ಕೈಯಿಂದ ಕಳೆ ತೆಗೆಯುವ ಕುರ್ಪಿ ಇಸಿದುಕೊಂಡು ಹಿಂದಿನ ಟೈರುಗಳ ಗೆರೆಗಳಲ್ಲಿ ಮೆತ್ತಿದ್ದ ಎರೆಯನ್ನು ಕೆರೆಯತೊಡಗಿದ. ಇನ್ನೊಂದು ಟೈರಿಗೆ ನಾನೂ ಕೈ ಹಾಕಿದೆ. ಆಮೇಲೆ ಬೆಂಕಿಕಡ್ಡಿ ತೆಗೆದು ಗಾಳಿ ಬಿಟ್ಟ. ಈ ಸಲ ನಾನು ವರದಿ ಬರೆಯಲಿಲ್ಲ.

ಅಷ್ಟರಲ್ಲಿ ಕೂಲಿ ತಂಡದ ಹಿರಿಯ ಮುದುಕಪ್ಪ ಭತ್ತದ ಹುಲ್ಲಿನ ಹೊರೆ ತರಿಸಿ ಚಕ್ರದ ಮುಂದೆ ಹಾಸಿಸುತ್ತಿದ್ದ. ಕಾಲುವೆಯ ಸೀಮೆಯಲ್ಲಿ ಗಾಡಿ ಹುಗಿದರೆ ಹುಲ್ಲು ಹಾಕುವುದು, ಹತ್ತು ಜನ ಹಿಂದೆ ನಿಂತು ತಳ್ಳುವುದು, ಎಲ್ಲರೂ ಕೂಡಿ "ರೇಸ್ ಕೊಡು" ಎಂದು ಕೂಗುವುದು ಪದ್ಧತಿ. ಗಾಡಿ ಇನ್ನಷ್ಟು ಹುಗಿಯುವುದೂ ಪದ್ಧತಿಯೇ.

"ತಗೀರಿ ಮಾವ. ಹಸೀ ಹುಲ್ಲು ಎಣ್ಣಿ ಇದ್ದಂಗ" ಅಂದ ಪಕೀರಪ್ಪ.

"ಹುಲ್ಲು ಹಾಕಲಾರದ ಎದ್ದ ಗಾಡಿ ನಾ ನೋಡಿಲ್ಲಪ."

"ಇವತ್ತು ನೋಡೀರಂತ. ತಳ್ಳೂದೂ ಬ್ಯಾಡ. ಐದು ಮಂದಿ ಹಿಂದ ಹತ್ತಿ ಬಂಪರ್ ಮ್ಯಾಲೆ ನಿಂದರ್ರಿ. ಗಾಡಿಗೆ ನಿಮ್ಮ ಕೈ ಬೇಕಾಗಿಲ್ಲ, ಭಾರ ಬೇಕಾಗೈತಿ."

ಹೊನ್ನೂರಮ್ಮನನ್ನು ಹಿಂದೆ ಮಲಗಿಸಿ ತಲೆಯನ್ನು ಗಿಡ್ಡಪ್ಪನ ತೊಡೆಯ ಮೇಲಿಟ್ಟರು. ನಾನೂ ಹಿಂದೆಯೇ ಹತ್ತಿದೆ. ಸಾಹೇಬರು ಅಭ್ಯಾಸಬಲದಿಂದ ಮುಂದಿನ ಸೀಟಿಗೆ ಹೋಗಿ ಕೂತಿದ್ದರು. ಪಕೀರಪ್ಪ ಅವರ ಹತ್ತಿರ ಹೋಗಿ, ಹಿಂದಿನ ಚಕ್ರದ ಮೇಲೆ ಭಾರ ಬೀಳಬೇಕು, ತಾವು ಹಿಂದೆ ಬರಬೇಕು ಎಂದು ವಿನಯದಿಂದ ಕೇಳಿಕೊಂಡ. ಸಾಹೇಬರದು ತೊಂಬತ್ತು ಕಿಲೋದ ಮೈ. ಹದಿನೆಂಟು ವರ್ಷದ ಸೇವೆಯಲ್ಲಿ ಅವರ ತೂಕದಿಂದ ಇಲಾಖೆಗೆ ಅಷ್ಟು ನೇರವಾದ ಉಪಯೋಗ ಆದದ್ದು ಅದೇ ಮೊದಲು. ಮರುಮಾತಿಲ್ಲದೆ ಇಳಿದು ಬಂದು, ಹೊನ್ನೂರಮ್ಮನ ಕಾಲ ಬಳಿ ಮೊಣಕಾಲೂರಿ ಕೂತರು. ಅವರನ್ನು ನೆನೆದು ನಾನು ಆಮೇಲೆ ಎಷ್ಟೋ ಸಲ ನಕ್ಕಿದ್ದೇನೆ. ಆ ಇಳಿದು ಬಂದದ್ದಕ್ಕೆ ಮಾತ್ರ ನಕ್ಕಿಲ್ಲ.

ಪಕೀರಪ್ಪ ಕೂತ. ಎರಡೂ ಪಾದಗಳನ್ನು ಪಂಚೆಯಿಂದ ಒರೆಸಿಕೊಂಡ. ಮೊದಲನೇ ಗೇರು ಹಾಕುತ್ತಾನೆಂದುಕೊಂಡರೆ ಎರಡನೇದು ಹಾಕಿದ. ಮೊದಲನೇದರಲ್ಲಿ ಬಲ ಜಾಸ್ತಿ, ಚಕ್ರ ಒದ್ದುಬಿಡುತ್ತದೆ. ಎಂಜಿನ್ ಗುನುಗುವುದಕ್ಕಿಂತ ತುಸು ಮೇಲಿತ್ತು, ಅಷ್ಟೇ. ಎಡಗಾಲು ಏಳುತ್ತಿದೆಯೋ ಇಲ್ಲವೋ ತಿಳಿಯದಷ್ಟು ನಿಧಾನವಾಗಿ ಏಳುತ್ತಿತ್ತು. ಜೀಪು ನಡುಗಿತು. ಹೋಗಲಿಲ್ಲ. ಕ್ಲಚ್ಚು ಸುಡುವ ವಾಸನೆ ಬಂತು. ಸಾಹೇಬರಿಗೆ ತಡೆಯಲಾಗಲಿಲ್ಲ.

"ರೇಸ್ ಕೊಡು ಪಕೀರಪ್ಪ, ರೇಸ್!"

"ಬಾಯಿ ಮುಚ್ಚಿ ಕುಂದರ್ರಿ ಸಾಹೇಬ್ರ."

ತಲೆ ತಿರುಗಿಸದೆ, ದನಿ ಏರಿಸದೆ ಹೇಳಿದ. ಆಗ ಪಕ್ಕದ ಕರಿಕೆ ಹುಲ್ಲಿನ ಒಂದು ಗಂಟು ಮೆಲ್ಲಗೆ ಹಿಂದೆ ಸರಿಯುವುದು ಕಂಡಿತು. ಸರಿದದ್ದು ಅದಲ್ಲ, ನಾವು. ಐದು ಹೆಜ್ಜೆ, ಹತ್ತು. ಇಪ್ಪತ್ತನೇ ಹೆಜ್ಜೆಯ ಸುಮಾರಿಗೆ ಬಲಗಡೆಯ ಚಕ್ರ ಹಿಡಿತ ತಪ್ಪಿ ಗಿರ್ರೆಂದಿತು. ಹಿಂಬದಿ ಓರೆಯಾಗಿ ಜಾರಿತು. ಒತ್ತು, ಒತ್ತು ಎಂದು ನನ್ನ ಬಲಗಾಲು ಜೀಪಿನ ತಗಡನ್ನೇ ತುಳಿಯುತ್ತಿತ್ತು. ಪಕೀರಪ್ಪ ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲನ್ನೇ ತೆಗೆದ. ಒಂದು ಕ್ಷಣ ಎಂಜಿನ್ ಸಾಯುವ ಹಾಗೆ ಕೆಮ್ಮಿತು. ಚಕ್ರದ ತಿರುಗು ಇಳಿಯಿತು, ರಬ್ಬರು ಬೇರು ಕಚ್ಚಿತು, ಎಡಗಾಲು ಮತ್ತೆ ಒಂದು ಕೂದಲೆಳೆ ಮೇಲೆದ್ದಿತು. ಜೀಪು ನೆಟ್ಟಗಾಗಿ, ಉಳಿದ ಏರನ್ನು ಮುದುಕರು ಮೆಟ್ಟಿಲು ಹತ್ತಿದಂತೆ ಹತ್ತಿತು. ಮುಂದಿನ ಚಕ್ರದ ಕೆಳಗೆ ಮೊರಂ ಕರಕರ ಎಂದಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಂಪರಿನವರು ಕೆಳಗೆ ಹಾರಿದರು. ಗಾಳಿ ತುಂಬಿಸಿಕೊಳ್ಳಲು ಬಳಗಾನೂರಿನಲ್ಲಿ ನಿಲ್ಲಿಸುವುದಿಲ್ಲವೇ ಎಂದು ಕೇಳಿದೆ. ಅವನು ನಿಲ್ಲಿಸಲಿಲ್ಲ. ಅರ್ಧ ಗಾಳಿಯ ಟೈರುಗಳ ಮೇಲೆ ಡಾಂಬರಿನಲ್ಲಿ ಸಿಂಧನೂರಿನವರೆಗೆ ಓಡಿಸಿದ. ಗಿಡ್ಡಪ್ಪ ದಾರಿಯುದ್ದಕ್ಕೂ ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದ. ಮೊದಲು ಅವಳು ಹ್ಞೂಂ ಎನ್ನುತ್ತಿದ್ದಳು. ಊರು ಕಾಣುವ ಹೊತ್ತಿಗೆ ಅವನೊಬ್ಬನದೇ ದನಿ ಉಳಿದಿತ್ತು.

ಆಸ್ಪತ್ರೆಯವರು ಸೂಜಿ ಕೊಟ್ಟರು, ಗಂಟೆಗಟ್ಟಲೆ ಕೈಯಿಂದ ಚೀಲ ಒತ್ತಿ ಉಸಿರಾಡಿಸಿದರು. ಮೂರನೇ ದಿನ ಹೊನ್ನೂರಮ್ಮ ಕಣ್ಣು ಬಿಟ್ಟಳು. ಕಾಲಿನ ಎರಡು ಬೆರಳು ಹೋದವು. ಮುಂದಿನ ವರ್ಷ ಕುಂಟುತ್ತ ನಾಟಿಗೆ ಬಂದಿದ್ದಳೆಂದು ಕೇಳಿದೆ.

ಎರಡೂ ಟೈರುಗಳ ಪಕ್ಕೆ ಸುಟ್ಟು ಒಡೆದಿದ್ದವು. ಮೇಲಿನಿಂದ ವಿವರಣೆ ಕೇಳಿದ ಕಾಗದ ಬಂತು. ಪಕೀರಪ್ಪ ಒಂದೇ ಸಾಲು ಬರೆದ: ಗಾಳಿ ತುಂಬಲು ವೇಳೆ ಇರಲಿಲ್ಲ. ಸಾಹೇಬರು ಅದರ ಕೆಳಗೆ, "ವಾಹನದ ಹಿಂಭಾಗದಲ್ಲಿ ಕುಳಿತು ನಾನೇ ಖುದ್ದಾಗಿ ನೋಡಿದ್ದೇನೆ" ಎಂದು ಸಹಿ ಹಾಕಿದರು. ವಿಷಯ ಅಲ್ಲಿಗೆ ಮುಗಿಯಿತು.

1996ರಲ್ಲಿ ಪಕೀರಪ್ಪ ನಿವೃತ್ತನಾದ. ಆಗ ನಾವಿಬ್ಬರೂ ಲಿಂಗಸುಗೂರಿನ ಕಚೇರಿಯಲ್ಲಿದ್ದೆವು. ಬೀಳ್ಕೊಡುಗೆಯ ಭಾಷಣ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ನನಗೆ ಬಡ್ತಿ ಸಿಕ್ಕಿತ್ತು, ಹೊಟ್ಟೆ ಬಂದಿತ್ತು, ಭಾಷಣಕಾರನೆಂಬ ಹೆಸರೂ ಬಂದಿತ್ತು. ಮೂರನ್ನೂ ನಾನು ಯೋಗ್ಯತೆ ಎಂದೇ ತಿಳಿದಿದ್ದೆ. ಸಾಮಗ್ರಿ ಕೂಡಿಸಲು ಹಿಂದಿನ ದಿನ ಸಂಜೆ ಮಸ್ಕಿಯ ಅವನ ಮನೆಗೆ ಹೋದೆ. ಅವನ ಹೆಂಡತಿ ಆದಮ್ಮ ಚಹಾ ಕೊಟ್ಟರು. ಪಕೀರಪ್ಪ ಕಟ್ಟೆಯ ಮೇಲೆ ಕೂತು ಎಡಗಾಲಿನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ನಲವತ್ತು ವರ್ಷ ಕ್ಲಚ್ಚು ಹಿಡಿದ ಕಾಲು ಈಗ ಮಡಚಲು ಬರುತ್ತಿರಲಿಲ್ಲ.

ನಾನು ಪೆನ್ನು ಬಿಚ್ಚಿ, ಗಂಟಲು ಸರಿಮಾಡಿಕೊಂಡು ಕೇಳಿದೆ: ಪಕೀರಪ್ಪ, ಇಡೀ ಜಿಲ್ಲೆಯಲ್ಲಿ ಎರೆಯಿಂದ ಗಾಡಿ ಎಬ್ಬಿಸುವವರು ನೀವೊಬ್ಬರೇ ಎಂದು ಹೆಸರು. ಆ ದಿನ ಬಳಗಾನೂರಿನ ಹತ್ತಿರ ಅಕಸ್ಮಾತ್ ಜೀಪು ಏಳದೆ ಹೋಗಿದ್ದರೆ ಏನಾಗುತ್ತಿತ್ತು?

ಅವನು ಎಣ್ಣೆಯ ಕೈ ನಿಲ್ಲಿಸಿ ನನ್ನ ಮುಖ ನೋಡಿದ.

"ಆಕಿ ಸಾಯ್ತಿದ್ಲು."