ಕಮಾನಿಗೆ ಏರಿದ ಸೀರೆಗಳು

ಬಟ್ಟೆ ಗಂಟಿನ ಹಗ್ಗ ಕೊಯ್ದೆ. ಒಳಗಿನಿಂದ ಗಂಜಿಯ ವಾಸನೆ ಗುಪ್ಪನೆ ಮೂಗಿಗೆ ಬಡಿಯಿತು. ಹಸಿ ಗಂಜಿ, ಅದರ ಜೊತೆ ಗೋಡೌನಿನ ಮುಗ್ಗಲು. ಕತ್ತರಿ ಕೈಯಲ್ಲೇ ನಿಂತಿತು.

"ಯಾಕಲೇ, ಒಳಗ ಹಾವು ಕಂಡ್ತೇನು?" ಎಂದು ಪಕ್ಕದ ಮಿಷನ್ನಿನವನು ನಕ್ಕ.

ಏನಿಲ್ಲ ಎಂದೆ. ಟೇಲರ್ ಕಾಕಾ ನೆನಪಾಗಿದ್ದ.

ನಾನು ಬಳ್ಳಾರಿಯಲ್ಲಿ ಪ್ಯಾಂಟು ಹೊಲಿಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತೇನೆ. ಬರೆಯುವುದು ನನ್ನ ಕಸುಬಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಣ್ಣ ಹಚ್ಚಿ ಹೇಳಲು ಬರುವುದಿಲ್ಲ. ಆದದ್ದನ್ನು ಹೇಳುತ್ತೇನೆ. ಆದದ್ದರಲ್ಲಿ ಅರ್ಧ ನನಗೇ ಗೊತ್ತಿಲ್ಲ, ಅದೇ ತೊಂದರೆ...

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ನಮ್ಮ ಓಣಿ ಹತ್ತಿ ಮಿಲ್ಲುಗಳ ಹಿಂದೆ ಇತ್ತು. ಕಾಕಾನ ಅಂಗಡಿ ಎಂದರೆ ಎರಡು ಮಿಷನ್, ಒಂದು ಹಲಗೆ, ಮೇಲೆ ತಗಡು. ಒಂದು ಮಿಷನ್ ಅವನದು, ಇನ್ನೊಂದರ ಮೇಲೆ ನಾನು. ಅವನು ಆದೋನಿ ಕಡೆಯವನು. ಸಿಟ್ಟು ಬಂದರೆ ತೆಲುಗು, ಇಲ್ಲದಿದ್ದರೆ ಕನ್ನಡ. ಎರಡರಲ್ಲೂ ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ನಾನು ಆಗಲೂ ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ.

ಆಗ ಏನೂ ನೆಟ್ಟಗೆ ಸಿಗುತ್ತಿರಲಿಲ್ಲ. ಸಕ್ಕರೆಗೆ ಪಾಳಿ, ಸೀಮೆಎಣ್ಣೆಗೆ ಪಾಳಿ. ಬಟ್ಟೆಯ ಕತೆ ಇನ್ನೂ ಕೆಟ್ಟದ್ದು. ಕಾರ್ಡಿಗೊಂದು ಕಂಟ್ರೋಲ್ ಸೀರೆ ಕಡಿಮೆ ದರಕ್ಕೆ ಕೊಡುತ್ತೇವೆ ಎಂದು ಸೊಸೈಟಿ ಅಂಗಡಿಯವನು ಬೇಸಿಗೆಯಿಂದ ಹೇಳುತ್ತಲೇ ಇದ್ದ. ಹೆಂಗಸರು ಹೋಗಿ ಕೇಳಿದರೆ, "ಸ್ಟಾಕ್ ಬಂದಿಲ್ಲ, ನಡೀರಿ" ಎಂದು ಅರ್ಧ ಬಾಗಿಲು ಹಾಕುತ್ತಿದ್ದ. ಒಳಗೆ ಬಚ್ಚಿಟ್ಟಿದ್ದಾನೆ ಎಂದು ಎಲ್ಲರಿಗೂ ಅನುಮಾನ. ನನಗೂ ಇತ್ತು.

ಆ ಸೀರೆಗಾಗಿ ಎಲ್ಲರಿಗಿಂತ ಹೆಚ್ಚು ಕಾದವಳು ಎದುರು ಮನೆಯ ಅಕ್ಕ. ಗಂಡ ಸತ್ತಿದ್ದ. ಬೆಳೆದ ಮಗಳೊಬ್ಬಳಿದ್ದಳು. ತಾಯಿ ಮಗಳ ನಡುವೆ ಹೊರಗೆ ಉಟ್ಟುಕೊಂಡು ಹೋಗುವಂಥ ಸೀರೆ ಒಂದೇ. ಅದನ್ನು ಉಟ್ಟು ಅಕ್ಕ ನಾಲ್ಕು ಮನೆಯ ಪಾತ್ರೆ ತಿಕ್ಕಲು ಹೋದರೆ, ಮಗಳು ಹರಕು ಸುತ್ತಿಕೊಂಡು ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಮಿಲ್ಲಿನಲ್ಲಿ ಹತ್ತಿ ಸುಗ್ಗಿ ನಡೆದಿತ್ತು. ಹುಡುಗಿಯನ್ನು ಕೆಲಸಕ್ಕೆ ಕಳಿಸು ಎಂದು ಮಿಲ್ಲಿನ ಮೇಸ್ತ್ರಿ ಎರಡು ಸಲ ಹೇಳಿಕಳಿಸಿದ್ದ.

"ಒಂದು ಸೀರಿ ಸಿಕ್ರ ನಮ್ಮ ಮನ್ಯಾಗ ಎರಡು ಕೂಲಿ ಬರ್ತಾವು ತಮ್ಮಾ," ಎನ್ನುತ್ತಿದ್ದಳು ನನ್ನ ಹತ್ತಿರ. "ಸುಗ್ಗಿ ಮುಗದ ಮ್ಯಾಲೆ ಸೀರಿ ಬಂದು ಏನು ಮಾಡೂದೈತಿ?"

ಹೀಗಿರುವಾಗ ಒಂದು ದಿನ ಕಾಕಾನ ಅಂಗಡಿ ಮುಂದೆ ಜೀಪು ನಿಂತಿತು. ಇಳಿದವನು ಸ್ವಾಗತ ಸಮಿತಿಯ ಯಜಮಾನ. ಬಿಳಿ ಬಟ್ಟೆ, ಬಾಯಲ್ಲಿ ಎಲೆಅಡಿಕೆ. ಅವನ ಆಳುಗಳು ಎರಡು ದೊಡ್ಡ ಗಂಟು ಇಳಿಸಿದರು.

"ಮಾಸ್ತರ, ಇವನ್ನ ಗೇಣಗಲ ಕತ್ತರಿಸಿ ಝಾಲರಿ ಹೊಲಿ. ಕಮಾನಿಗೆ, ಸ್ಟೇಜಿಗೆ, ಕಂಬಕ್ಕ. ದೊಡ್ಡ ಲೀಡರ್ ಬರಾಕತ್ತಾರ. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಒಂದ ದಿನಕ್ಕ ಮೂರು ಮೀಟಿಂಗು. ಇಲ್ಲಿ ಬಿಚ್ಚಿ ಅಲ್ಲಿ ಕಟ್ಟಬೇಕು. ನೀನೂ ಲಾರ್ಯಾಗ ಬಾ."

"ಕೂಲಿ ಯಜಮಾನ್ರ?" ಎಂದ ಕಾಕಾ.

"ದೇಶದ ಕೆಲಸಕ್ಕ ಕೂಲಿ ಕೇಳ್ತಿಯಲ್ಲೋ! ಆತು, ಸಿರುಗುಪ್ಪದ ಮೀಟಿಂಗ್ ಮುಗದ ಮ್ಯಾಲೆ ಆ ಚಿಂದಿ ಎಲ್ಲಾ ನೀನ ತಗೊಂಡು ಹೋಗು. ಸಾಕಲ್ಲ?"

ಕಾಕಾ ಸ್ವಲ್ಪ ಹೊತ್ತು ಗಂಟುಗಳನ್ನು ನೋಡಿದ. "ಸಾಕ್ರಿ," ಎಂದ.

ಜೀಪು ಹೋದ ಮೇಲೆ ಗಂಟು ಬಿಚ್ಚಿದೆವು. ಗಂಜಿಯ ವಾಸನೆ ಅಂಗಡಿ ತುಂಬಿತು. ಒಳಗೆ ಇದ್ದದ್ದು ಹೊಚ್ಚ ಹೊಸ ಸೀರೆಗಳು. ಹಸಿರು ಅಂಚು, ಕೆಂಪು ಅಂಚು, ನೀಲಿ ಅಂಚು. ಒಂದೊಂದರ ತುದಿಗೂ ಕಂಟ್ರೋಲ್ ಮಾಲಿನ ಮುದ್ರೆ. ಓದಲು ಬಾರದವರಿಗೂ ಆ ಮುದ್ರೆ ಗೊತ್ತಿತ್ತು.

"ಕಾಕಾ, ಇವು ನಮ್ಮ ಸೊಸೈಟಿ ಸೀರಿ ಅಲ್ಲೇನು?"

"ಏಮಿರಾ, ನಿನ್ನ ಬಾಯಿಗೂ ಒಂದು ಗುಂಡಿ ಹಚ್ಲೇನು?" ಎಂದ.

ಅವನು ಕತ್ತರಿ ಮುಟ್ಟಲಿಲ್ಲ. ಸೀರೆಯನ್ನು ಉದ್ದಕ್ಕೆ ಮಡಚಿ ಮಡಚಿ ಗೇಣಗಲ ಮಾಡಿದ. ಮೇಲಿನ ಅಂಚಿಗೆ ಕೈಸೂಜಿಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ದಾರ ಎಳೆದು ನಿರಿಗೆ ಕೂಡಿಸಿದ. ಕೆಳಗೆ ನಿಂತು ನೋಡಿದವರಿಗೆ ಅಪ್ಪಟ ಝಾಲರಿ. ದಾರ ಹಿರಿದರೆ ಮತ್ತೆ ಇಡೀ ಸೀರೆ. ನನಗೆ ಕೂಡಲೇ ತಿಳಿಯಿತು. ಚಿಂದಿ ನಿನ್ನದು ಎಂದು ಯಜಮಾನ ಹೇಳಿದ್ದಾನೆ, ಕಾಕಾ ಚಿಂದಿ ಆಗಲು ಬಿಡುತ್ತಿಲ್ಲ. ಸಿರುಗುಪ್ಪದಿಂದ ವಾಪಸ್ಸು ಬರುವಾಗ ಎರಡು ಗಂಟು ಹೊಸ ಸೀರೆ ಅವನ ಪಾಲು. ಒಳ್ಳೆ ವ್ಯಾಪಾರ ಎಂದುಕೊಂಡೆ.

ಮಡಚಿದ್ದರಿಂದ ಬಟ್ಟೆ ಸಾಲಲಿಲ್ಲ. ಕಮಾನಿನ ಮುಂದಿನ ಮೈಗೆ ಮಾತ್ರ ಬಂತು. ಹಿಂದೆ ಬರಿ ಬಿದಿರು. ನೋಡಲು ಬಂದ ಯಜಮಾನ ಮುಖ ಗಂಟು ಹಾಕಿದ.

"ಹಿಂದ ಯಾಕೋ ಬೋಳು ಬಿಟ್ಟಿ?"

"ಬಟ್ಟಿ ಅಷ್ಟ ಇತ್ರಿ. ಲೀಡರ್ ಸಾಹೇಬ್ರು ಮುಂದಿಂದ ಬರ್ತಾರ. ಹೋಗೂ ಮುಂದ ಹಿಂದಕ್ಕ ತಿರುಗಿ ನೋಡ್ತಾರೇನ್ರಿ?"

ಯಜಮಾನ ನಿಜವಾಗಿಯೂ ಯೋಚನೆ ಮಾಡಿದ. "ಇಲ್ಲ. ನೋಡಂಗಿಲ್ಲ ಬಿಡು," ಎಂದು ಹೋದ.

ಅಂದು ಸಂಜೆ ಅಕ್ಕ ಅಂಗಡಿಗೆ ಬಂದಳು. ಸೀರೆಗಳನ್ನು ಅವಳೂ ನೋಡಿದ್ದಳು. ಅವಳು ಬಾಯಿ ಬಿಡುವ ಮೊದಲೇ ಕಾಕಾ, "ಎರಡು ದಿನ ತಡಿ ತಂಗೀ. ಕಮಾನಿಗೆ ಹೋಗಿ ನಿಮ್ಮ ಮನೀಗೇ ಬರ್ತಾವು. ಓಣ್ಯಾಗಿನ ಎಲ್ಲಾರಿಗೂ ಹೇಳು," ಎಂದ. ಬಿಟ್ಟಿ ಕೊಡುತ್ತೇನೆ ಎಂದು ಹೇಳಲಿಲ್ಲ. ಅದನ್ನು ನಾನು ಗಮನಿಸಿದೆ.

ಮೀಟಿಂಗಿನ ದಿನ ನಮ್ಮ ಓಣಿಯ ಹೆಂಗಸರೆಲ್ಲ ಬೆಳಿಗ್ಗೆಯೇ ಹೋಗಿ ಕಮಾನಿನ ಕೆಳಗೆ ನಿಂತರು. ತಲೆ ಎತ್ತಿದವರು ಇಳಿಸಲಿಲ್ಲ.

"ಆ ಹಸರು ಅಂಚಿಂದು ನಂದವ್ವಾ. ಮೊದಲ ಹೇಳೀನಿ."

"ನಿನ್ನ ಮಾರಿಗೆ ಹಸರು ಒಪ್ಪತೈತೇನ? ಕೆಂಪು ತಗೋ."

"ಕೆಂಪು ಉಟಗೊಂಡು ನಾ ಏನು ಮದಲಗಿತ್ತಿ ಆಗಾಕ ಹೊಂಟೀನೇನು, ಮೊಮ್ಮಕ್ಕಳಾಗ್ಯಾರ ನನಗ!"

"ನನಗ ಯಾವುದಾದ್ರೂ ನಡಿತೈತಿ," ಎಂದಳು ಅಕ್ಕ. "ತೂತು ಇಲ್ಲದಿದ್ರ ಸಾಕು."

ಲೀಡರ್ ಬಂದರು. ದೇಶ ಕಷ್ಟದಲ್ಲಿದೆ, ಇದ್ದದ್ದರಲ್ಲೇ ಸುಧಾರಿಸಿಕೊಳ್ಳಬೇಕು, ಇನ್ನು ಸ್ವಲ್ಪ ದಿನ ಎಂದು ಹೇಳಿದರು. ಮೈಕು ನಡುನಡುವೆ ಕಿರುಚುತ್ತಿತ್ತು. ನಮ್ಮ ಹೆಂಗಸರು ಮಾತ್ರ ಆ ಕಡೆ ತಿರುಗಲೇ ಇಲ್ಲ. ಯಜಮಾನ ತನ್ನ ಕಡೆಯವನಿಗೆ, "ನೋಡೋ, ಹೆಣ್ಣುಮಕ್ಕಳು ಹೆಂಗ ಕಣ್ಣು ಮಿಟಕಸಲಾರದ ನಿಂತಾರ. ಎಷ್ಟು ಅಭಿಮಾನ!" ಎಂದ. ನಗು ತಡೆಯಲು ನಾನು ಬಿದಿರು ಕಚ್ಚಬೇಕಾಯಿತು.

ಲೀಡರ್ ಹಿಂದೆ ತಿರುಗಿ ನೋಡಲಿಲ್ಲ. ಕಾರು ಹೋದ ಕೂಡಲೇ ಝಾಲರಿ ಬಿಚ್ಚಿ ಲಾರಿಗೆ ಹಾಕಿದೆವು. ಕುರುಗೋಡಿನಲ್ಲಿ ಅದೇ ಸೀರೆ, ಅದೇ ಭಾಷಣ. ಅಲ್ಲಿಯೂ ಒಬ್ಬ ಮುದುಕಿ ಕಮಾನಿನ ಕಂಬಕ್ಕೆ ಸುತ್ತಿದ್ದ ಸೀರೆಯನ್ನು ಬೆರಳಿನಿಂದ ಉಜ್ಜಿ ನೋಡಿ, "ಚಲೋ ದಪ್ಪ ಐತಿ," ಎಂದು ಹೋದಳು. ಅಲ್ಲಿಂದ ಸಿರಿಗೇರಿ ದಾಟಿ ಸಿರುಗುಪ್ಪ. ದಾರಿಯುದ್ದಕ್ಕೂ ಕಾಕಾ ಝಾಲರಿಗಳ ಮೇಲೆ ಕೂತು ಸಡಿಲಾದ ದಾರ ಬಿಗಿಮಾಡುತ್ತಿದ್ದ. ಮೆಲ್ಲಗೆ ಏನೋ ಗುನುಗುತ್ತಿದ್ದ. ಅವನು ಗುನುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಿರುಗುಪ್ಪದ ಮೀಟಿಂಗು ಒಂದು ಅಕ್ಕಿ ಗಿರಣಿಯ ಪಕ್ಕದ ಬಯಲಲ್ಲಿ ಆಯಿತು. ಮುಗಿದ ಮೇಲೆ ನಾನು ಏಣಿ ಹತ್ತಿ ಬಿಚ್ಚುತ್ತಿದ್ದೆ. ಕೆಳಗೆ ಯಜಮಾನ ನಿಂತು, "ಲಗೂನ ಮಾಡ್ರಲೇ," ಎನ್ನುತ್ತಿದ್ದ. ಒಂದು ಝಾಲರಿ ಮೊಳೆಗೆ ಸಿಕ್ಕಿತು. ನಾನು ಜಗ್ಗಿದೆ. ದಾರ ಸರ್ರನೆ ಹಿರಿದು, ಇಡೀ ಸೀರೆ ಬಿಚ್ಚಿಕೊಂಡು ಯಜಮಾನನ ತಲೆಯ ಮೇಲೆ ಬಿತ್ತು.

"ಯಜಮಾನ್ರಿಗೆ ಸೆರಗು ಹೊಚ್ಚಿದ್ರಲೇ!" ಎಂದು ಯಾರೋ ಕೂಗಿದ. ಬಯಲೆಲ್ಲ ನಕ್ಕಿತು.

ಯಜಮಾನ ಸೀರೆ ತೆಗೆದ. ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಇನ್ನೊಂದು ಝಾಲರಿ ಎತ್ತಿ ಅದರ ದಾರ ತಾನೇ ಹಿರಿದ. ಅದೂ ಇಡೀ ಸೀರೆ. ಆಮೇಲೆ ಅವನು ಕಾಕಾನ ಹೆಗಲ ಮೇಲೆ ಕೈ ಹಾಕಿ ಗಿರಣಿಯ ಗೋಡೆ ಹತ್ತಿರ ಕರೆದುಕೊಂಡು ಹೋದ.

ಏಣಿಯ ಮೇಲಿಂದ ನನಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಗಿರಣಿ ಓಡುತ್ತಿತ್ತು. ಯಜಮಾನ ಮಾತಾಡಿದ, ಕಾಕಾ ಕೈಮುಗಿದ. ಯಜಮಾನ ನಕ್ಕ. ಮತ್ತೆ ಮಾತಾಡಿದರು. ಯಜಮಾನನ ಕೈ ಒಮ್ಮೆ ಜೇಬಿಗೆ ಹೋಯಿತು. ಎಲೆಅಡಿಕೆಗೆ ಹೋಯಿತೋ ಬೇರೆ ಯಾವುದಕ್ಕೆ ಹೋಯಿತೋ... ಹೊಟ್ಟಿನ ಧೂಳಿನಲ್ಲಿ ಸರಿಯಾಗಿ ಕಾಣಲಿಲ್ಲ.

ಸೀರೆಗಳನ್ನು ಚೆನ್ನಾಗಿ ಮಡಚಿ, ಗಂಟು ಕಟ್ಟಿ, ಯಜಮಾನನ ಆಳುಗಳು ಲಾರಿಯಲ್ಲಿ ಪೇಟೆಯ ಕಡೆ ಒಯ್ದರು. ಕತ್ತರಿಸಿದ್ದರೆ ಅವು ಯಾರಿಗೂ ಬೇಡದ ಚಿಂದಿ. ಕಾಕಾ ಕಾಪಾಡಿದ್ದಕ್ಕೇ ಅವು ಮಾರುವ ಮಾಲಾದವು. ಕಾಕಾನ ಕಂಕುಳಲ್ಲಿ ನೀಲಿ ಅಂಚಿನ ಒಂದು ಸೀರೆ ಉಳಿದಿತ್ತು.

ಬಳ್ಳಾರಿ ಬಸ್ಸಿನಲ್ಲಿ ಕೇಳಿದೆ. "ಉಳಿದವು?"

"ಒಂದು ಕೊಟ್ಟ."

"ಉಳಿದವು ಅಂತ ಕೇಳಿದೆ."

"ನೀನೂ ಕೇಳ್ತೀಯೇನು?" ಎಂದು ಕಿಟಕಿ ಕಡೆ ತಿರುಗಿದ. ಬಸ್ಸು ಬಳ್ಳಾರಿ ಮುಟ್ಟುವವರೆಗೆ ತಿರುಗಿದವನು ತಿರುಗಿಯೇ ಇದ್ದ.

ಮಾರನೇ ದಿನ ಆ ಸೀರೆಯನ್ನು ಅಕ್ಕನಿಗೆ ಕೊಟ್ಟ. ಓಣಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಬಂದದ್ದು ಒಂದು, ಅದೂ ಅವಳೊಬ್ಬಳಿಗೆ. ಮಿಕ್ಕದ್ದನ್ನು ಟೇಲರ್ ಸಿರುಗುಪ್ಪದಲ್ಲಿ ಮಾರಿ ಬಂದ, ಬಾಯಿ ಮುಚ್ಚಲು ಇವಳಿಗೊಂದು ಕೊಟ್ಟ ಎಂದರು. ನಳದ ಹತ್ತಿರ ಇದಕ್ಕಿಂತ ಕೆಟ್ಟ ಮಾತೂ ಆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಅಕ್ಕ ಸೀರೆ ವಾಪಸ್ಸು ತಂದಳು. ಮಡಿಕೆ ಕೂಡ ಬಿಚ್ಚಿರಲಿಲ್ಲ.

"ಇದು ಬ್ಯಾಡ್ರಿ ಅಣ್ಣಾರ. ಇದನ್ನ ಉಟಗೊಂಡು ನನ್ನ ಮಗಳು ಓಣ್ಯಾಗ ಅಡ್ಡಾಡಿದ್ರ, ನಾವೂ ಪಾಲು ತಿಂದ್ವಿ ಅಂತಾರ."

"ನನ್ನ ಹತ್ರ ಬ್ಯಾರೆ ಇಲ್ಲ ತಂಗೀ. ಅವ ಎಲ್ಲಾ ಒಯ್ದ."

"ನನಗ್ಯಾಕ ಹೇಳ್ತೀರಿ? ಅಲ್ಲಿ ನಳದ ಹಂತ್ಯಾಕ ನಿಂತಾರಲ್ಲ, ಅವರಿಗೆ ಹೇಳ್ರಿ."

ಕಾಕಾ ಎದ್ದು ಬಾಗಿಲಿಗೆ ಹೋದ. ನಳದ ಕಡೆ ನೋಡಿದ. ಹೆಂಗಸರೂ ನೋಡಿದರು. ಈಗ ಬಾಯಿ ಬಿಡುತ್ತಾನೆ ಎಂದು ನಾನು ಕಾದೆ. ಅವನು ಬಂದು ಮಿಷನ್ನಿನ ಮುಂದೆ ಕೂತು ಗಾಲಿ ತಿರುಗಿಸಿದ. ಸೂಜಿಯಲ್ಲಿ ದಾರವೇ ಇರಲಿಲ್ಲ.

ಯಾಕೆ ಹೇಳಲಿಲ್ಲ? ಯಜಮಾನ ಹೆದರಿಸಿದ್ದನೋ? ಅಥವಾ ಹೇಳಲು ಸತ್ಯ ಬೇರೆಯೇ ಇತ್ತೋ? ನನಗೆ ಎರಡೂ ಅನಿಸುತ್ತದೆ. ಒಂದು ದಿನ ಅದು, ಒಂದು ದಿನ ಇದು.

ಹತ್ತಿ ಸುಗ್ಗಿ ಮುಗಿಯಿತು. ಮಗಳು ಮಿಲ್ಲಿಗೆ ಹೋಗಲಿಲ್ಲ. ಆಮೇಲೆ ಮೋಕದ ಕಡೆ ಯಾರೋ ಎರಡನೇ ಸಂಬಂಧದವನಿಗೆ ಕೊಟ್ಟರು. ಕಾಕಾನ ಅಂಗಡಿಗೆ ಓಣಿಯವರು ಬಟ್ಟೆ ತರುವುದನ್ನು ಬಿಟ್ಟರು. ಸೀರೆ ಮೊಳೆಗೆ ನೇತಾಡುತ್ತಿತ್ತು, ಯಾರೂ ಮುಟ್ಟಲಿಲ್ಲ. ಮಳೆಗಾಲಕ್ಕೆ ಮುಂಚೆ ಅವನು ಮಿಷನ್ ಮಾರಿ ಆದೋನಿಗೆ ಹೋದ. ನನಗೆ ಹೇಳಿ ಹೋಗಲಿಲ್ಲ. ಯಜಮಾನ ಈಗ ಇನ್ನೂ ದೊಡ್ಡವನಾಗಿದ್ದಾನೆ. ಕಮಾನುಗಳೂ ದೊಡ್ಡವಾಗಿವೆ.

ಹೋದ ತಿಂಗಳು ಶೆಡ್ಡಿಗೆ ದಾರ ಮಾರಲು ಬರುವ ಆದೋನಿಯವನನ್ನು ಕೇಳಿದೆ. ಕಾಕಾ ಸತ್ತು ವರ್ಷವಾಯಿತಂತೆ. ಕಣ್ಣು ಮಂಜಾಗಿ, ಯಾರದೋ ಅಂಗಡಿ ಕಟ್ಟೆಯ ಮೇಲೆ ಕೂತು ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದನಂತೆ. ಎರಡು ಗಂಟು ಸೀರೆ ಮಾರಿದವನ ಬಾಳು ಅದಲ್ಲ. ಆದರೆ ದುಡ್ಡು ಕೈಗೆ ಬಂದರೆ ಉಳಿಯಲೇಬೇಕು ಅಂತಲೂ ಇಲ್ಲವಲ್ಲ... ಇನ್ನು ಕೇಳೋಣ ಎಂದರೆ ಮನುಷ್ಯನೇ ಇಲ್ಲ.

ಅಕ್ಕ ಅದೇ ಮನೆಯಲ್ಲಿದ್ದಾಳೆ. ಹೋಗಿ ಹೇಳಿದೆ. ಜೋಳ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

"ತರೋದಿದ್ರ ಎಲ್ಲಾ ತರಬೇಕಾಗಿತ್ತು. ಇಲ್ಲಂದ್ರ ಒಂದೂ ತರಬಾರದಿತ್ತು," ಎಂದಳು. ಆಮೇಲೆ ಕೇಳಿದಳು, "ತಮ್ಮಾ, ಕಡೀಕ ಅವನ ಮೈಮ್ಯಾಲೆ ಚಲೋ ಬಟ್ಟಿ ಇತ್ತಂತೇನು?"

ಮರುಕದಿಂದ ಕೇಳಿದಳೋ, ಅನುಮಾನದಿಂದ ಕೇಳಿದಳೋ ಅವಳ ಮುಖದಿಂದ ತಿಳಿಯಲಿಲ್ಲ. ಗೊತ್ತಿಲ್ಲಕ್ಕಾ ಎಂದೆ.