ಹಿಡಿದ ಮೇಲೆ ಚಾಚಿದ ಕೈ

ಗಲ್ಫಿನ ಅಲ್ ವಕ್ರಾದ ನನ್ನ ಬಾಲ್ಕನಿಯಲ್ಲಿ ಈ ಚಳಿಗಾಲವಿಡೀ ಶನಿವಾರಗಳಂದು ನಮ್ಮ ತಂಡದ ಹದಿಮೂರು ಜರ್ಸಿಗಳು ಸಾಲಾಗಿ ತೂಗುತ್ತಿದ್ದವು. ಎಷ್ಟು ಒಗೆದರೂ ಕಾಲರಿನಲ್ಲಿ ಮರಳು, ಬೆನ್ನಿನಲ್ಲಿ ನೋವಿನೆಣ್ಣೆಯ ವಾಸನೆ. ರಗ್ಬಿ ಲೀಗ್ ಆಟ ಮನುಷ್ಯನನ್ನು ಉದ್ಧರಿಸುತ್ತದೆಂದು ಯಾರಾದರೂ ಹೇಳಿದರೆ ಆ ಸಾಲನ್ನು ತೋರಿಸಿಯೇ ಅವರ ಬಾಯಿ ಮುಚ್ಚಿಸಬಲ್ಲೆ. ವಾದ ನನ್ನ ಹಳೆಯ ಚಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳಿಗ್ಗೆ ಪರ, ಸಂಜೆ ವಿರೋಧ ಮಾತಾಡಿ ಎರಡಕ್ಕೂ ಕಪ್ ತಂದವನು ನಾನು. ದೇವರನ್ನಾಗಲೀ ಕೋಚನ್ನಾಗಲೀ ಸಾಕ್ಷಿಯಿಲ್ಲದೆ ನಂಬಿದವನಲ್ಲ. ಅದಕ್ಕೇ ಇರಬೇಕು, ಊರಲ್ಲಿ ಕಬಡ್ಡಿಯಾಡಿ ಬಂದ ನಮ್ಮ ಕರಾವಳಿಯವರು ಕಟ್ಟಿದ ಕ್ಲಬ್ ಮೊದಲ ಸಲ ಹೊಸ ಲೀಗಿಗೆ ಇಳಿದಾಗ, ಚೆಂಡಿನ ಬದಲು ನನ್ನ ಕೈಗೆ ಗೆರೆ ತೀರ್ಪುಗಾರನ ಬಾವುಟ ಬಂತು. ಪ್ರತಿ ತಂಡವೂ ಒಬ್ಬನನ್ನು ಹಾಗೆ ಕೊಡಬೇಕು. ತನ್ನವರ ವಿರುದ್ಧವೂ ಸಾಕ್ಷಿ ನುಡಿಯಬೇಕಾದ ವಿಚಿತ್ರ ಹುದ್ದೆ.

ನೋಡಿ, ಕಬಡ್ಡಿಯಲ್ಲಿ ನಾಲ್ವರು ಮೇಲೆ ಬಿದ್ದರೂ ಬೆರಳ ತುದಿ ನಡುಗೆರೆ ಮುಟ್ಟಿದರೆ ನೀವು ಬದುಕಿದಿರಿ. ಇಲ್ಲಿ, ಕೆಡವಿ ಹಿಡಿದ ಮೇಲೆ ಕೈ ಚಾಚಿ ಚೆಂಡನ್ನು ಗೆರೆಯಾಚೆ ಇಟ್ಟರೆ ಅದು ಅಂಕವಲ್ಲ, ಅಪರಾಧ. ಸುಮ್ಮನೆ ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸಬೇಕು. ಒಂದು ನೆಲದ ಶೌರ್ಯ ಇನ್ನೊಂದು ನೆಲದ ತಪ್ಪಾಗುವುದು ಪರದೇಶದಲ್ಲಿ ದುಡಿಯುವವರಿಗೆ ಹೊಸತಲ್ಲ. ಆದರೆ ಬುದ್ಧಿ ಕಲಿತದ್ದನ್ನು ಮೈ ಕಲಿಯುವುದು ತಡ.

ಕೊನೆಯ ಪಂದ್ಯ ಅಲ್ ಥುಮಾಮಾದ ಬಳಿಯ ಮೈದಾನದಲ್ಲಿ. ಗೆದ್ದರೆ ಮುಂದಿನ ವರ್ಷವೂ ಲೀಗಿನಲ್ಲಿ ಜಾಗ, ಸೋತರೆ ಹೊರಗೆ. ಎರಡು ಅಂಕ ಹಿಂದಿದ್ದೆವು, ಗೆರೆಯಾಚೆ ಚೆಂಡಿಟ್ಟರೆ ನಾಲ್ಕು ಸಿಗುತ್ತಿತ್ತು, ನಿಮಿಷವೂ ಉಳಿದಿರಲಿಲ್ಲ. ಆಗ ಸದಾನಂದಣ್ಣ, ನಜ್ಮಾದಲ್ಲಿ ಎ.ಸಿ. ರಿಪೇರಿ ಮಾಡುವ, ಒಂದು ಕಾಲದ ಹೆಸರಾಂತ ಕಬಡ್ಡಿ ರೈಡರ್, ಚೆಂಡನ್ನು ಅಪ್ಪಿಕೊಂಡು ನನ್ನ ಬದಿಯಿಂದಲೇ ನುಗ್ಗಿದರು. ಇಬ್ಬರು ಸೊಂಟಕ್ಕೆ ಬಿದ್ದರು, ಮೂರನೆಯವ ಬೆನ್ನೇರಿದ. ಗೆರೆಗೆ ಒಂದು ಮೊಳ ಈಚೆ ಎಲ್ಲವೂ ನಿಂತಿತು. ನಿಂತ ಮೇಲೆ, ಆ ಉದ್ದನೆಯ ಕೈ ಚೆಂಡಿನ ಸಮೇತ ಗೆರೆ ದಾಟಿತು.

“ಗೆದ್ದೆವು ಮಾರಾಯ! ಯಲ್ಲಾ, ಬೇಗ ಬಾವುಟ ಎತ್ತು!” ಎಂದು ನಮ್ಮವರು ಕುಣಿದರು. ಮೈಗಳ ಮರೆಯಲ್ಲಿ ಏನೂ ಕಾಣದ ರೆಫ್ರಿ ನೇರ ನನ್ನ ಬಳಿ ಬಂದು ಕೇಳಿದ: ಹಿಡಿದದ್ದು ಮೊದಲೋ, ಚಾಚಿದ್ದು ಮೊದಲೋ? ಎರಡೂ ಪಕ್ಷಕ್ಕೆ ನನ್ನಲ್ಲಿ ವಾದವಿತ್ತು. ಕಣ್ಣು ಕಂಡದ್ದು ಮಾತ್ರ ಒಂದೇ.

“ಹಿಡಿದದ್ದು,” ಎಂದೆ.

ಅಂಕ ಸಿಗಲಿಲ್ಲ; ನಾವು ಲೀಗಿನಿಂದ ಹೊರಬಿದ್ದೆವು. ಸದಾನಂದಣ್ಣನನ್ನು ಕೂರಿಸಿಕೊಂಡು ಬಂದು ನಜ್ಮಾದಲ್ಲಿ ಕಾರು ನಿಲ್ಲಿಸಿದೆ. ನಾನೇ ಕೇಳಿದೆ: “ಸಿಟ್ಟು ಬಂತಾ ನಿಮಗೆ?”

“ಸಿಟ್ಟು ಎಂತದಕ್ಕೆ? ರೂಲ್ಸ್ ಅಂದ್ರೆ ರೂಲ್ಸೇ. ಆದ್ರೆ ಒಂದು ಹೇಳು ಮಾರಾಯ. ನಾವು ಒಂದೇ ಒಂದು ಮ್ಯಾಚ್ ಗೆದ್ದದ್ದು ಉಂಟಲ್ಲ, ಅವತ್ತೂ ನಾನು ಹೀಗೇ ಬಿದ್ದ ಮೇಲೆ ಕೈ ಹಾಕಿದ್ದು. ನಿನ್ನ ಕಣ್ಣೆದುರೇ. ಅವತ್ತು ಯಾಕೆ ಹೇಳ್ಲಿಲ್ಲ?”

“ಅವತ್ತು ರೆಫ್ರಿ ನನ್ನನ್ನು ಕೇಳಲಿಲ್ಲ.”

“ಹೌದಲ್ಲ, ಕೇಳ್ಲಿಲ್ಲ,” ಎಂದು ಬಾಗಿಲನ್ನು ಮೆಲ್ಲಗೆ ಹಾಕಿ ನಡೆದರು.

ನನ್ನ ಉತ್ತರ ಯಾವ ವೇದಿಕೆಯಲ್ಲೂ ನಿಲ್ಲುವಂಥದು. ಆದರೆ ಗೆದ್ದ ಆ ದಿನ ಎಲ್ಲರಿಗಿಂತ ಮೊದಲು ಓಡಿ ಅವರನ್ನು ಅಪ್ಪಿಕೊಂಡವನು ನಾನು. ಅದು ತಪ್ಪೆಂದು ಅವರ ಕಿವಿಯಲ್ಲಾದರೂ ಹೇಳಿದ್ದರೆ, ಈ ಸಂಜೆ ಆ ಕೈ ಚೆಂಡನ್ನು ಎದೆಗವಚಿಕೊಂಡು ತಡೆದು ನಿಲ್ಲುತ್ತಿತ್ತು.