ಕೊಂಡವಾಡದ ಕರೆಪ್ಪ

ಶನಿವಾರ ಬೆಳಿಗ್ಗೆ ಅನಗೋಳದಲ್ಲಿ ಕರೆಪ್ಪ ತೀರಿಕೊಂಡ. ಅರವತ್ತೆರಡು ವರ್ಷ. ಎದೆನೋವು.

ಗುಂಜಿ ಆಚೆಯ ಒಂದು ಹಳ್ಳಿಯಲ್ಲಿ ಅವನು ಹದಿನೆಂಟು ವರ್ಷ ಕೊಂಡವಾಡ ಕಾದವನು. ಬೆಳೆ ಮೇಯ್ದ ದನ ಯಾರದೇ ಇರಲಿ, ಹಿಡಿದು ತಂದು ಅದರೊಳಗೆ ಕೂಡಿಹಾಕುತ್ತಿದ್ದ. ಕೂಡಿಹಾಕಿದ ದನಕ್ಕೆ ಹೊಟ್ಟೆ ತುಂಬ ಹುಲ್ಲು ಹಾಕುತ್ತಿದ್ದ. ಕಟ್ಟದೆ ಬಿಟ್ಟವನದು ತಪ್ಪು, ದನದ್ದೇನು ಎನ್ನುತ್ತಿದ್ದ. ಪಂಚಾಯ್ತಿ ಚೇರ್ಮನ್ ಬಾಳಾಸಾಹೇಬರ ಎತ್ತುಗಳೂ ಎರಡು ಸಲ ಒಳಗೆ ನಿಂತಿದ್ದವು. ಸಾಹೇಬರು ಬೈಯುತ್ತಲೇ ಬಂದು ದಂಡ ಕಟ್ಟಿ ಬಿಡಿಸಿಕೊಂಡು ಹೋಗಿದ್ದರು.

ಎಪ್ಪತ್ತೈದರ ತುರ್ತು ಪರಿಸ್ಥಿತಿಯ ದಿನಗಳು. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರ ಮೇಲೆ ಜೀವನಪೂರ್ತಿ ಕ್ರಿಮಿನಲ್ ಖಟ್ಲೆ ಹೂಡಲಾಗದಂತೆ ಸಂವಿಧಾನ ತಿದ್ದುವ ಮಸೂದೆ ದಿಲ್ಲಿಯಲ್ಲಿ ಬಂತು. ದೇಶ ಆಳುವವರಿಗೆ ಕೋರ್ಟಿನ ಕಾಟ ಇರಬಾರದು ಎಂದು ಚಹಾದಂಗಡಿಯಲ್ಲಿ ಕೆಲವರು ಹೇಳಿದರು. ಉಳಿದವರು ಬಸಿ ತಟ್ಟೆಗೆ ಚಹಾ ಸುರಿದುಕೊಂಡು ಕುಡಿದರು. ಊರೆಲ್ಲ ಅದನ್ನು ಒಪ್ಪಿದೆಯೆಂದು ಬಾಳಾಸಾಹೇಬರು ಠರಾವು ಬರೆಸಿದರು. ಎಲ್ಲರ ಸಹಿಯೂ ಬಿತ್ತು, ಕರೆಪ್ಪನದೊಂದು ಬಿಟ್ಟು.

"ಹೆಬ್ಬಟ್ಟು ಒತ್ತಾಕ ಏನ್ ಬ್ಯಾನಿ ಐತೋ ನಿನಗ? ದಿಲ್ಲಿಯವರು ನಿನ್ನ ಕೊಂಡವಾಡಕ್ಕ ಬರ್ತಾರೇನು?"

"ಅವರು ಬರೂದಿಲ್ರೀ ಸಾಹೇಬ್ರ. ನಾಳೆ ನೀವು ಬರ್ತೀರಿ, ಚೇರ್ಮನ್ನರ ಎತ್ತು ಹಿಡೀಬ್ಯಾಡ ಅಂತೀರಿ. ಆಮ್ಯಾಲ ಬಡವಿ ಕಾಡವ್ವನ ಎಮ್ಮಿ ನಾ ಯಾವ ಮಾರಿ ಇಟ್ಕೊಂಡು ಹಿಡೀಲಿ?"

"ಕೆಲಸ ಬೇಕಾಗೈತೋ ಇಲ್ಲೋ?"

"ಬೇಕ್ರಿ. ಅದಕ್ಕ ಒತ್ತೂದಿಲ್ಲ."

ಆ ವಾರವೇ ಕೆಲಸ ಹೋಯಿತು. ಹೆಂಡತಿ ರೇಣವ್ವನೊಂದಿಗೆ ಅನಗೋಳಕ್ಕೆ ಬಂದು ಇಟ್ಟಿಗೆ ಹೊತ್ತ. ಮಸೂದೆ ಕಾಯ್ದೆಯಾಗಲೇ ಇಲ್ಲ. ಯಾರೋ ಅದನ್ನು ಹೇಳಿದಾಗ "ಹೌದಾ?" ಎಂದು ಇನ್ನೆರಡು ಇಟ್ಟಿಗೆ ಎತ್ತಿಕೊಂಡ. ಗೆದ್ದೆನೆಂದು ಒಮ್ಮೆಯೂ ಅನ್ನಲಿಲ್ಲ.

ಏಳು ವರ್ಷದ ಮೇಲೆ, ಹೋದ ವಾರ, ಬಾಳಾಸಾಹೇಬರು ಅವನ ಬಾಗಿಲಲ್ಲಿ ನಿಂತಿದ್ದರು. ಅಧಿಕಾರ ಹೋಗಿತ್ತು, ಕಾಡಿನ ಸಾಗುವಾನಿ ಕದ್ದರೆಂದು ಅವರಿಗಾಗದವರು ಖಟ್ಲೆ ಹಾಕಿಸಿದ್ದರು. ಕಳುವಾದ ಸಂಜೆ ಅವರು ಗುಂಜಿ ರೈಲು ಸ್ಟೇಷನ್ನಿನಲ್ಲಿದ್ದರು. ಕಂಡವನು, ಊರಿಗೆ ಹೋಗಿ ಮರಳಲು ಅಲ್ಲಿ ಗಾಡಿ ಕಾಯುತ್ತಿದ್ದ ಕರೆಪ್ಪನೊಬ್ಬನೇ.

"ಏಳು ವರ್ಷ ಈ ಮನೀ ಹಾದಿ ಗೊತ್ತಿರಲಿಲ್ಲೇನ್ರಿ?" ರೇಣವ್ವ ಕೇಳಿದಳು.

"ಏ, ಚಹಾ ಇಡು. ಕುಂದರ್ರಿ ಸಾಹೇಬ್ರ."

ಅವರು ಹೋದ ಮೇಲೆ ರೇಣವ್ವ ಬಿಡಲಿಲ್ಲ. "ನಮ್ಮನ್ನ ಬೀದಿಗೆ ಹಾಕಿದಾಂವಗ ಸಾಕ್ಷಿ ಹೇಳ್ತೀರಿ?"

"ಕಂಡದ್ದು ಹೇಳ್ತೀನಿ. ಆಗ ಅವರು ದೊಡ್ಡವರಂತ ಬಿಡಲಿಲ್ಲ. ಈಗ ಬಿದ್ದಾರಂತ ಒದೀಲೇನು?"

ಸಾಯುವ ಹಿಂದಿನ ದಿನ, ಶುಕ್ರವಾರ, ಎದೆ ಒತ್ತಿಕೊಂಡೇ ಬಸ್ಸು ಹತ್ತಿ ಖಾನಾಪುರ ಕೋರ್ಟಿಗೆ ಹೋದ. ಆರೋಪಿ ನಿನ್ನ ದೋಸ್ತನೇನು ಎಂದು ಸರ್ಕಾರಿ ವಕೀಲರು ಕೇಳಿದರು.

"ಇಲ್ರೀ. ನನ್ನ ಕೆಲಸ ತೆಗದವರು ಇವರ. ಆದ್ರ ಆ ಸಂಜೀ ಗಾಡಿ ಬರೂತನಕ ನನ್ನ ಬಾಜೂಕ ಕುಂತಿದ್ರು."